ಗೊರಕೆಯ ಮನೆಯ ಬಾವಿ

ನಮ್ಮೂರಿನಲ್ಲಿ ಗಂಡು ನೋಡಲು ಹೋದವರು ಹುಡುಗನ ಓದು, ಕೆಲಸ ವಿಚಾರಿಸುವುದು ಆಮೇಲೆ. ಮೊದಲು ಅವನಿಗೆ ಹೊಟ್ಟೆ ಬಿರಿಯುವಷ್ಟು ಉಣಿಸಿ, ಪಡಸಾಲೆಯಲ್ಲಿ ಜಮಖಾನ ಹಾಸಿ ಮಲಗಿಸುತ್ತಾರೆ. ಹೆಣ್ಣಿನ ಕಡೆಯವರು ಸುತ್ತ ಕುಳಿತು ಎಲೆಅಡಿಕೆ ಜಗಿಯುತ್ತ ಅವನ ಗೊರಕೆ ಕೇಳುತ್ತಾರೆ. ಗೊರಕೆ ಸಣ್ಣದಾಗಿದ್ದರೆ "ಮನಿಗೆ ಹೋಗಿ ಹೇಳಿ ಕಳಸ್ತೀವ್ರಿ" ಎಂದು ಎದ್ದುಬಿಡುತ್ತಾರೆ. ಜಂತಿ ನಡುಗುವಂತಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಿತು. ನನ್ನ ಮದುವೆ ಕೂಡಿ ಬಂದದ್ದೂ ಹೀಗೆಯೇ. ನಮ್ಮಪ್ಪ ಹುಡುಗನ ಮುಖವನ್ನು ಸರಿಯಾಗಿ ನೋಡಲೇ ಇಲ್ಲ, ಏಕೆಂದರೆ ಹುಡುಗ ಮುಖದ ಮೇಲೆ ಟವೆಲು ಹಾಕಿಕೊಂಡು ಮಲಗಿದ್ದ. ಆದರೂ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ, "ಫಕೀರವ್ವಾ, ಇನ್ನ ನಿನಗ ಜನ್ಮದಾಗ ನೀರಿನ ಚಿಂತಿ ಇಲ್ಲವ್ವಾ" ಎಂದು ಕೂಗಿದ.

ನಮ್ಮೂರಿಗೆ ಹೊಳೆ ಇಲ್ಲ, ಕೆರೆ ಇಲ್ಲ. ಪ್ರತಿ ಮನೆಯ ಹಿತ್ತಲಿನಲ್ಲಿ ಒಂದು ಸಣ್ಣ ಬಾವಿ ಇದೆ. ಮನೆಯವರು ಎಷ್ಟು ನಿದ್ದೆ ಮಾಡುತ್ತಾರೋ ಅಷ್ಟು ನೀರು ಅದರಲ್ಲಿ ಬರುತ್ತದೆ. ಕೂಸಿರುವ ಮನೆಯ ಬಾವಿ ಹಗಲು ಹೊತ್ತಿನಲ್ಲೇ ತುಳುಕುತ್ತದೆ. ಹೊಸದಾಗಿ ಮದುವೆಯಾದವರ ಬಾವಿ ತಳ ಕಂಡರೆ ಓಣಿಯ ಹೆಂಗಸರು ಒಂದೊಂದು ಕೊಡ ನೀರು ಕೊಟ್ಟು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತ ಹೋಗುತ್ತಾರೆ. ಮಕ್ಕಳ ಪರೀಕ್ಷೆ ಹತ್ತಿರ ಬಂತೆಂದರೆ, ಕೆಲಸ ಕಡಿಮೆ ಇರುವ ಸೋದರಮಾವನೊಬ್ಬನನ್ನು ಕರೆಸಿ ಮನೆಯಲ್ಲಿ ಮಲಗಿಸಿಕೊಳ್ಳುತ್ತಾರೆ. ಸಾವಾದ ಮನೆಗೆ ಬುತ್ತಿಯ ಜೊತೆ ನೀರನ್ನೂ ನೆರೆಯವರೇ ಒಯ್ಯುತ್ತಾರೆ. ಇನ್ನೊಂದು ಪದ್ಧತಿ ಇದೆ. ಯಾರಾದರೂ ಮಲಗಿರುವಾಗ ಅವರ ಬಾವಿಯನ್ನು ಇಣುಕಬಾರದು. ಮಲಗುವ ಮೊದಲು ಬಾವಿಯ ಮೇಲೆ ಹಲಗೆ ಮುಚ್ಚುತ್ತೇವೆ, ಎದ್ದ ಮೇಲೆ ತೆಗೆಯುತ್ತೇವೆ. ಜಳಕದ ಮನೆಯ ಬಾಗಿಲು ಹಾಕಿಕೊಂಡ ಹಾಗೆ ಅದು. ಇಣುಕಿ ನೋಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ನನ್ನ ಗಂಡ ಅಡಿವೆಪ್ಪ ಹಿಟ್ಟಿನ ಗಿರಣಿ ಇಟ್ಟವರು. ಆದರೆ ಊರಲ್ಲಿ ಅವರ ಹೆಸರು ಇದ್ದದ್ದು ಗಿರಣಿಯಿಂದಲ್ಲ, ಗೊರಕೆಯಿಂದ. ಹೊಸ ಮನೆ ಕಟ್ಟಿದವರು ಬಾವಿ ತೋಡಿಸಿದ ಮೇಲೆ ಅದರ ಸೆಲೆ ಒಡೆಯಲು ಒಬ್ಬರು ಅದರ ಪಕ್ಕ ಮೊದಲ ನಿದ್ದೆ ಮಾಡಬೇಕು. ಆ ಮೊದಲ ನಿದ್ದೆಗೆ ಊರವರೆಲ್ಲ ಕರೆಯುತ್ತಿದ್ದದ್ದು ನಮ್ಮವರನ್ನೇ. ಮಧ್ಯಾಹ್ನ ಹೋಳಿಗೆ ಊಟ, ತಲೆಗೆ ರುಮಾಲು, ಬಾವಿಯ ಪಕ್ಕ ಹೊಸ ಹೊರಸು. ಇವರು ಗೊರಕೆ ಶುರು ಮಾಡಿದರೆ ನೆರೆದ ಮಂದಿ "ಭಪ್ಪರೇ" ಎಂದು ತಲೆದೂಗುತ್ತಿತ್ತು. ಸಂಜೆ ಎದ್ದು ಮನೆಗೆ ಬರುವಾಗ ಇವರು ನಡೆಯುವ ಗತ್ತು ನೋಡಬೇಕಿತ್ತು. ಗಿರಣಿಯ ಹಿಟ್ಟು ಮೆತ್ತಿದ ಆ ಮೈಯಲ್ಲಿ ಅಷ್ಟು ಗತ್ತು ಎಲ್ಲಿ ಅಡಗಿರುತ್ತಿತ್ತೋ ನಾನು ಕಾಣೆ.

ಇಂಥವರ ಮನೆಯ ಬಾವಿಯೇ ಬತ್ತುತ್ತ ಬಂತು. ಮೊದಲ ವರ್ಷಗಳಲ್ಲಿ ಕೈಯಿಂದ ಮೊಗೆಯುವಷ್ಟು ನೀರಿತ್ತು. ಇವರ ಮೈ ಬಂದಂತೆ, ಕುತ್ತಿಗೆ ದಪ್ಪವಾದಂತೆ, ಗೊರಕೆ ಏರಿತು, ನೀರು ಇಳಿಯಿತು. ಹಗ್ಗಕ್ಕೆ ಗಂಟು ಹಾಕಿ ಹಾಕಿ ಉದ್ದ ಮಾಡಿದೆವು. ಕೊನೆಗೆ ಬಕೆಟ್ಟಿನಲ್ಲಿ ರಾಡಿ ಬರತೊಡಗಿತು. ನಮ್ಮ ಅತ್ತೆ ಬಾಳವ್ವ ರಾಡಿಯನ್ನು ಬಾಗಿಲ ಮುಂದೆ ಚೆಲ್ಲಿ, ಓಣಿಗೆಲ್ಲ ಕೇಳುವ ಹಾಗೆ ಶುರು ಮಾಡುತ್ತಿದ್ದರು. "ನನ್ನ ಮಗಾ ಹುಲಿ ಗುರುಗುಟ್ಟಿದಂಗ ಮಲಗತಾನ. ಅವನ ಪಾಲಿನ ನೀರು ಎಲ್ಲಿ ಹೋತು? ನನಗಂತೂ ವಯಸ್ಸಾತು, ನಿದ್ದಿ ಕಡಿಮಿ. ಉಳದಾಕಿ ಯಾರು? ಇಕಿ. ಕಣ್ಣ ತಕ್ಕೊಂಡು ಬಿದ್ದಿರತಾಳ. ರಾತ್ರಿ ಎಲ್ಲಾ ಯಾರ ಧ್ಯಾನ ಮಾಡ್ತಾಳೋ ಏನೋ!"

ಕೊನೆಯ ಮಾತು ನನ್ನ ಎದೆಗೆ ಚುಚ್ಚುತ್ತಿತ್ತು. ಆದರೆ ಅದರ ಹಿಂದಿನ ಮಾತು ಸುಳ್ಳಾಗಿರಲಿಲ್ಲ. ನಾನು ನಿಜವಾಗಿಯೂ ಮಲಗುತ್ತಿರಲಿಲ್ಲ. ಪಕ್ಕದಲ್ಲಿ ಇವರ ಗೊರಕೆ ಏರುತ್ತ ಏರುತ್ತ ಹೋಗಿ ತಟಕ್ಕನೆ ನಿಲ್ಲುತ್ತಿತ್ತು. ನಿಂತದ್ದು ನಿಂತೇ ಇರುತ್ತಿತ್ತು. ಹೊಟ್ಟೆ ಮಾತ್ರ ಮೇಲೆ ಕೆಳಗೆ ಆಗುತ್ತಿತ್ತು, ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿಯೇ ಇಲ್ಲ. ನಾನು ಭುಜಕ್ಕೆ ತಿವಿದರೆ ಮುಳುಗಿ ಎದ್ದವರ ಹಾಗೆ ಒಮ್ಮೆಲೇ ಉಸಿರೆಳೆದುಕೊಂಡು ಮತ್ತೆ ಗೊರಕೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಒಂದು ಸಲ ನಾನು ತಿವಿಯದೆ ಹೋದರೆ ಏನಾಗುತ್ತದೋ ಎಂಬ ಭಯದಲ್ಲಿ ಬೆಳಗಾಗುತ್ತಿತ್ತು. ಇದನ್ನು ಅತ್ತೆಗೆ ಹೇಳಿದೆ. "ಗೊರಕಿ ನಡುವ ಸ್ವಲ್ಪ ಪುರುಸೊತ್ತು ತಗೊಂಡ್ರ ತಪ್ಪೇನ? ಹಾಡೋರು ತಗೊಳ್ಳಂಗಿಲ್ಲೇನು?" ಎಂದು ನಕ್ಕುಬಿಟ್ಟರು. ತವರಿಗೆ ಹೇಳಿದೆ. ಅಂಥ ಗೊರಕೆಯ ಗಂಡ ಸಿಕ್ಕಿದ್ದಕ್ಕೆ ಪುಣ್ಯ ಮಾಡಿದ್ದಿ, ಸುಮ್ಮನಿರು ಅಂದರು.

ಹಗಲಿನಲ್ಲಿ ಬೇರೆಯೇ ಅವಸ್ಥೆ. ಬೆಳಿಗ್ಗೆ ಎದ್ದವರೇ ತಲೆ ಒತ್ತಿಕೊಂಡು ಕೂಡುತ್ತಿದ್ದರು. ಬಾಯಿ ಒಣಗಿ ಮಾತು ಹೊರಡುತ್ತಿರಲಿಲ್ಲ. ಮೊದಲೆಲ್ಲ ಹಾಡು ಗುನುಗುತ್ತ ಗಿರಣಿ ನಡೆಸುತ್ತಿದ್ದ ಮನುಷ್ಯ ಈಗ ಸಣ್ಣದಕ್ಕೆಲ್ಲ ಸಿಡುಕುತ್ತಿದ್ದರು. ಒಬ್ಬರ ಜೋಳ ಇನ್ನೊಬ್ಬರ ಡಬ್ಬಿಗೆ ಹೋಗುತ್ತಿತ್ತು, ಗೋದಿಯಲ್ಲಿ ಮೆಣಸಿನ ಪುಡಿ ಬೆರೆಯುತ್ತಿತ್ತು. ಮಾತಾಡುತ್ತ ಮಾತಾಡುತ್ತಲೇ ಗದ್ದ ಎದೆಗೆ ಬೀಳುತ್ತಿತ್ತು. ಗಿರಾಕಿಗಳು ಅದನ್ನೂ ಹೊಗಳುತ್ತಿದ್ದರು, "ನೋಡ್ರಿ, ನಿದ್ದಿ ಅಂದ್ರ ಇವರದು, ಕುಂತಲ್ಲೇ ಬರತೈತಿ" ಎಂದು.

ಒಂದು ದಿನ ನಾನು ಬುತ್ತಿ ಕೊಡಲು ಗಿರಣಿಗೆ ಹೋದೆ. ಯಂತ್ರದ ಪಟ್ಟೆ ತಿರುಗುತ್ತಿತ್ತು. ಇವರು ಅದರ ಪಕ್ಕದ ಸ್ಟೂಲಿನ ಮೇಲೆ ಕುಳಿತು ತೂಕಡಿಸುತ್ತಿದ್ದರು. ಹೆಗಲ ಮೇಲಿನ ಟವೆಲಿನ ತುದಿ ಪಟ್ಟೆಗೆ ಸಿಕ್ಕಿತ್ತು, ಅದು ಸುತ್ತಿಕೊಳ್ಳುತ್ತ ಇವರ ಕುತ್ತಿಗೆಯನ್ನು ಗಾಲಿಯ ಕಡೆ ಎಳೆಯುತ್ತಿತ್ತು. ಆಗಲೂ ಎಚ್ಚರವಿಲ್ಲ! ನಾನು ಬುತ್ತಿ ಬಿಸಾಕಿ ಓಡಿ ಸ್ವಿಚ್ಚು ಬಂದ್ ಮಾಡಿದೆ. ಇವರು ಕಣ್ಣು ಬಿಟ್ಟು, "ಯಾಕ, ಕರೆಂಟ್ ಹೋತೇನು?" ಎಂದರು. ನನಗೆ ಅಳುವೂ ಬಂತು, ಮೈಯೆಲ್ಲ ಉರಿಯುವಷ್ಟು ಸಿಟ್ಟೂ ಬಂತು. ಆ ದಿನವೇ ನಿಶ್ಚಯ ಮಾಡಿದೆ. ಊರು ನಗಲಿ, ಅತ್ತೆ ಬೈಯಲಿ, ಇವರು ಮಾತು ಬಿಡಲಿ, ಈ ಮನುಷ್ಯನನ್ನು ನಾನು ದವಾಖಾನೆ ಹತ್ತಿಸದೆ ಬಿಡುವುದಿಲ್ಲ.

ಹೇಳಿದ್ದಕ್ಕೆ ಇವರು ಊಟದ ತಾಟು ದೂರ ಸರಿಸಿದರು. "ನಿದ್ದಿ ಬರಲಾರದವರು ದವಾಖಾನಿಗೆ ಹೋಗ್ತಾರ. ನಾ ಹೋದ್ರ ಮಂದಿ ಏನಂದೀತು? ಊರಾಗಿನ ಬಾವಿಗೆಲ್ಲಾ ಮೊದಲನೇ ನಿದ್ದಿ ಮಾಡಿದಾಂವ ನಾನು."

"ನಿಮ್ಮ ಉಸಿರು ನಿಲ್ಲತೈತ್ರಿ. ನಾ ಕಣ್ಣಾರೆ ನೋಡೇನಿ."

"ನೀ ಮಲಗಿದ್ರ ನೋಡ್ತಿದ್ದಿಲ್ಲ. ಅವ್ವ ಅನ್ನೂದು ಖರೇನ ಐತಿ."

ಇಷ್ಟು ದಿನ ಅತ್ತೆ ಅಂದದ್ದನ್ನು ತಡೆದುಕೊಂಡಿದ್ದೆ. ಇವರ ಬಾಯಿಂದಲೂ ಅದೇ ಮಾತು ಬಂದಾಗ ನೆಲ ಕುಸಿದಂತಾಯಿತು. ಆದರೆ ಕುಸಿದು ಕೂಡುವ ಪೈಕಿ ನಾನಲ್ಲ. ಮರುದಿನ ಒಬ್ಬಳೇ ದವಾಖಾನೆಗೆ ಹೋದೆ.

ಡಾಕ್ಟರ್ ಹಸೀನಾ ನಮ್ಮೂರಿಗೆ ವರ್ಗವಾಗಿ ಬಂದು ಬಹಳ ದಿನ ಆಗಿರಲಿಲ್ಲ. ಡ್ಯೂಟಿ ಮೇಲೆ ಎಚ್ಚರವಿದ್ದು ಎಚ್ಚರವಿದ್ದು ಅವರ ಕ್ವಾರ್ಟರ್ಸಿನ ಬಾವಿ ಯಾವಾಗಲೂ ಒಣಗಿರುತ್ತಿತ್ತು, ರೋಗಿಗಳೇ ಬರುವಾಗ ಒಂದು ಕೊಡ ನೀರು ತಂದು ಇಟ್ಟು ಹೋಗುತ್ತಿದ್ದರು. ನಾನು ಬರಿಗೈಯಲ್ಲಿ ಹೋಗಿದ್ದೆ. ನಾಚಿಕೆಯಾಯಿತು, ನಮ್ಮ ಮನೆಯಲ್ಲಿ ರಾಡಿ ಬಿಟ್ಟರೆ ಇನ್ನೇನಿತ್ತು? ಅವರು ಅದನ್ನು ಕೇಳಲಿಲ್ಲ. ನಾನು ಗೊರಕೆ ಅಂದೊಡನೆ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಗೊರಕಿ ಹೊಡಿತಾ ಹೊಡಿತಾ ನಡುವ ನಿಲ್ಲತೈತೇನ್ರಿ?"

"ಹೂನ್ರಿ!"

"ಬೆಳಿಗ್ಗೆ ಎದ್ದ ಕೂಡಲೆ ತಲಿ ನೋವು ಅಂತಾರ? ಹಗಲೆಲ್ಲಾ ತೂಕಡಸ್ತಾರ? ಸಿಟ್ಟು ಜಾಸ್ತಿ ಆಗೈತಿ?"

"ಅವ್ವಾ, ನಮ್ಮ ಮನ್ಯಾಗಿನ ಸುದ್ದಿ ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಈ ಬ್ಯಾನಿ ಯಾರ ಮನ್ಯಾಗಿದ್ರೂ ಹಿಂಗ ಇರತೈತಿ." ಅವರು ತಮ್ಮ ಗಂಟಲನ್ನು ಮುಟ್ಟಿ ತೋರಿಸಿದರು. "ಗೊರಕಿ ಅಂದ್ರ ನಿದ್ದಿ ಅಲ್ಲ, ಫಕೀರವ್ವ. ಉಸಿರಿನ ದಾರಿ ಇಕ್ಕಟ್ಟಾದಾಗ ಬರೂ ಸಪ್ಪಳ ಅದು. ದಾರಿ ಪೂರ್ತಿ ಮುಚ್ಚಿದಾಗ ಸಪ್ಪಳ ನಿಲ್ಲತೈತಿ, ಉಸಿರೂ ನಿಲ್ಲತೈತಿ. ಆಗ ಮೈ ಗಾಬರಿಯಾಗಿ ಅವರನ್ನ ಎಬ್ಬಸತೈತಿ. ಎದ್ದಿದ್ದು ಅವರಿಗೆ ನೆನಪ ಇರಂಗಿಲ್ಲ. ಮತ್ತ ಮಲಗತಾರ, ಮತ್ತ ಏಳತಾರ. ರಾತ್ರಿ ಎಲ್ಲಾ ಇದ ನಡೀತೈತಿ."

"ಹಂಗಾರ ಅವರು ಮಲಗೇ ಇಲ್ಲೇನ್ರಿ?"

"ಹಾಸಿಗಿ ಮ್ಯಾಲ ಇದ್ದಾರ, ಅಷ್ಟ."

ನಾನು ಅಲ್ಲೇ ಅತ್ತುಬಿಟ್ಟೆ. ಹೆದರಿಕೆಯಿಂದಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಒಬ್ಬರು ನನ್ನ ಮಾತನ್ನು ನಂಬಿದ್ದರು, ಅದಕ್ಕೆ. ಹೀಗೇ ಬಿಟ್ಟರೆ ಎದೆಗೆ, ತಲೆಗೆ ಅಪಾಯ ಅಂದರು. ಒಂದು ಯಂತ್ರ ಕಟ್ಟಿ ಮಲಗಿಸಿ ಪರೀಕ್ಷೆ ಮಾಡಿದರೆ ಖಚಿತವಾಗುತ್ತದೆ, ಕರೆದುಕೊಂಡು ಬಾ ಅಂದರು. ಯಂತ್ರವನ್ನು ನನಗೇ ಕೊಡಿ, ಇವರು ಮಲಗಿದಾಗ ಗೊತ್ತಾಗದಂತೆ ಕಟ್ಟಿಬಿಡುತ್ತೇನೆ ಅಂದೆ. ಡಾಕ್ಟರು ನಕ್ಕರು, ಆದರೆ ತಲೆ ಅಲ್ಲಾಡಿಸಿದರು. "ಅವರಾಗೇ ಒಪ್ಪಿ ಬರಬೇಕು. ಕದ್ದು ಮಾಡೂದಲ್ಲ ಇದು."

ಒಪ್ಪಿಸುವುದು ಹೇಗೆಂದು ನಾನು ತಲೆ ಕೆಡಿಸಿಕೊಂಡಿರುವಾಗಲೇ ಹಾಸ್ಟೆಲಿನ ವಾರ್ಡನ್ ಹೆಗ್ಗೇರಿ ಮಾಸ್ತರು ಎಲೆಅಡಿಕೆ ಹಿಡಿದು ಮನೆಗೆ ಬಂದರು. ದೂರದ ಊರುಗಳ ಮಕ್ಕಳಿಗಾಗಿ ಹೊಸ ಹಾಸ್ಟೆಲ್ ಕಟ್ಟಿದ್ದರು, ಬಾವಿ ತೋಡಿ ಆಗಿತ್ತು, ಮಕ್ಕಳು ಬರುವ ಮೊದಲು ಸೆಲೆ ಒಡೆಯಬೇಕಿತ್ತು. "ಅಡಿವೆಪ್ಪನವರ, ನಿಮ್ಮ ನಿದ್ದಿನ ಬೇಕು" ಎಂದರು. ಇವರ ಎದೆ ಉಬ್ಬಿತು. ಅತ್ತೆ ಪೆಟ್ಟಿಗೆಯಿಂದ ಜರಿಯ ರುಮಾಲು ತೆಗೆದು ಕೊಡವಿದರು.

ನನಗೆ ಮಾತ್ರ ಸಂತೋಷವಾಗಲಿಲ್ಲ. ಏಕೆಂದರೆ ಅದೇ ವಾರ ಗಿರಣಿಗೆ ಬಂದ ಒಬ್ಬ ಹೆಣ್ಣುಮಗಳು ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ್ದಳು. ಹೋದ ವರ್ಷ ನಮ್ಮವರು ಮೊದಲ ನಿದ್ದೆ ಮಾಡಿದ್ದ ಅವಳ ಮನೆಯ ಬಾವಿಯಲ್ಲಿ, ಇವರು ಹೋದ ಮೇಲೆ ಹಲಗೆ ತೆಗೆದು ನೋಡಿದರೆ, ಒಂದು ಹನಿಯೂ ಬಂದಿರಲಿಲ್ಲ. ಇವರ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದು, ಆಮೇಲೆ ತನ್ನ ಬಾಣಂತಿ ಮಗಳ ಕೂಸನ್ನು ಬಾವಿಯ ಪಕ್ಕ ಮಲಗಿಸಿ ಸೆಲೆ ಒಡೆಸಿದ್ದಳು. ಅವಳೊಬ್ಬಳೇ ಅಲ್ಲ, ಇತ್ತೀಚೆಗೆ ಎಲ್ಲರೂ ಹಾಗೆಯೇ ಮಾಡುತ್ತಿದ್ದರಂತೆ. ಇಡೀ ಊರು ಇವರ ಮರ್ಯಾದೆ ಕಾಯುತ್ತಿತ್ತು, ಇವರೊಬ್ಬರಿಗೆ ಗೊತ್ತಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಕನ್ನಡಿಯ ಮುಂದೆ ರುಮಾಲು ಸುತ್ತಿ ನೋಡಿಕೊಳ್ಳುತ್ತಿದ್ದ ಅವರ ಮುಖ ಕಂಡು ಬಾಯಿ ಮುಚ್ಚಿದೆ. ಹೇಳಿದರೂ ಅವರು ನಂಬುತ್ತಿರಲಿಲ್ಲ.

ಮೊದಲ ನಿದ್ದೆಯ ದಿನ ಹಾಸ್ಟೆಲಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಇವರು ಉಂಡು, ಎಲೆಅಡಿಕೆ ಹಾಕಿಕೊಂಡು, ಎಲ್ಲರಿಗೂ ಕೈಮುಗಿದು ಹೊರಸಿನ ಮೇಲೆ ಅಂಗಾತ ಮಲಗಿದರು. ಬಾವಿಗೆ ಅರಿಶಿನ ಕುಂಕುಮ ಹಚ್ಚಿದ ಹಲಗೆ ಮುಚ್ಚಿತ್ತು. ಮಂದಿಯೆಲ್ಲ ಉಸಿರು ಬಿಗಿಹಿಡಿದು ಕುಳಿತಿತ್ತು. ಕಣ್ಣು ಮುಚ್ಚಿದ್ದೇ ತಡ ಗೊರಕೆ ಎದ್ದಿತು. ಹೆಗ್ಗೇರಿ ಮಾಸ್ತರು ತೃಪ್ತಿಯಿಂದ ತಲೆದೂಗಿದರು. ಅತ್ತೆ ಸುತ್ತ ನೋಡಿದರು, ತಮ್ಮ ಮಗ ಹಾಡುತ್ತಿರುವ ಹಾಗೆ. ಆಮೇಲೆ ಗೊರಕೆ ನಿಂತಿತು. ಮಂದಿ ಸುಮ್ಮನೆ ಕಾಯಿತು, ಹಾಡುವವರು ಪುರುಸೊತ್ತು ತೆಗೆದುಕೊಳ್ಳುವುದಿಲ್ಲವೇ! ನನ್ನ ಕೈ ತನ್ನಷ್ಟಕ್ಕೆ ತಾನೇ ತಿವಿಯಲು ಮುಂದೆ ಹೋಯಿತು. ತಿವಿಯಬಾರದು, ಇವತ್ತು ತಿವಿದರೆ ಉಸಿರು ನಿಂತದ್ದು ಯಾರಿಗೂ ಕಾಣುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎದ್ದು ಬಾವಿಯ ಹತ್ತಿರ ಹೋಗಿ, ಎರಡೂ ಕೈಯಿಂದ ಹಲಗೆಯನ್ನು ಪಕ್ಕಕ್ಕೆ ತಳ್ಳಿದೆ.

"ಏ ತಂಗಿ, ಏನ್ ಮಾಡಾಕತ್ತಿ!" ಎಂದು ಮಾಸ್ತರು ಎದ್ದು ನಿಂತರು. ಹೆಂಗಸರು ಮುಖ ತಿರುಗಿಸಿಕೊಂಡರು. ಅತ್ತೆ ನನ್ನ ರಟ್ಟೆ ಹಿಡಿದು ಎಳೆಯಲು ಬಂದರು. ನಾನೇ ಅವರ ರಟ್ಟೆ ಹಿಡಿದುಕೊಂಡೆ.

"ಅತ್ತಿ, ನೀವು ನನಗ ಏನ್ ಬೇಕಾದ್ದು ಅನ್ರಿ. ಆದ್ರ ಒಂದ್ಸಲ ಒಳಗ ನೋಡ್ರಿ. ನಿಮ್ಮ ಮಗನ ಸಲುವಾಗಿ ನೋಡ್ರಿ."

ಅವರು ಬೈಯುತ್ತಲೇ ಬಗ್ಗಿದರು. ಆ ಹೊತ್ತಿಗೆ ಇವರು ಗಕ್ಕೆಂದು ಉಸಿರೆಳೆದುಕೊಂಡು ಮತ್ತೆ ಗೊರಕೆ ಶುರು ಮಾಡಿದ್ದರು. ಬಾವಿಯ ತಳದ ಕೆಸರಿನಲ್ಲಿ ನೀರು ಕಣ್ಣು ಬಿಟ್ಟಿತು. ಒಂದು ಗೊರಕೆಗೆ ಒಂದಿಷ್ಟು ಏರಿತು, ಇನ್ನೊಂದಕ್ಕೆ ಇನ್ನೊಂದಿಷ್ಟು. ಅತ್ತೆಯ ಬೈಗುಳ ನಿಂತಿತು. ಆಮೇಲೆ ಗೊರಕೆಯೂ ನಿಂತಿತು. ನೀರು ಏರಿದ ಹಾಗೆಯೇ ಇಳಿಯಿತು. ಇಳಿದು ಇಳಿದು ಬರಿ ಕೆಸರು ಉಳಿಯಿತು. ಮತ್ತೆ ಗೊರಕೆ, ಮತ್ತೆ ನೀರು. ಮತ್ತೆ ಮೌನ, ಮತ್ತೆ ಕೆಸರು. ಮಾಸ್ತರು ತಮಗರಿವಿಲ್ಲದೆ ಬಂದು ನಮ್ಮ ಪಕ್ಕ ಬಗ್ಗಿದ್ದರು. ಮುಖ ತಿರುಗಿಸಿಕೊಂಡಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಬಂದರು. ಈ ಸಲದ ಮೌನ ಉದ್ದವಾಯಿತು. ಅತ್ತೆ ಬಾವಿಯಿಂದ ತಲೆ ಎತ್ತಿ ಮಗನ ಕಡೆ ನೋಡಿದರು. ಹೊಟ್ಟೆ ಕುಲುಕುತ್ತಿತ್ತು, ತುಟಿ ಕಪ್ಪಿಟ್ಟಿತ್ತು. ಆ ಮುದುಕಿ ಓಡಿದ ಓಟವನ್ನು ನಾನು ಯಾವತ್ತೂ ಮರೆಯಲಾರೆ. "ಏ ಅಡಿವ್ಯಾ! ಉಸರ ತಗೋಳೋ! ಉಸರ ತಗೋ ನನ್ನಪ್ಪಾ!" ಎನ್ನುತ್ತ ಮಗನ ಎದೆಯ ಮೇಲೆ ಗುದ್ದಿದರು.

ಇವರು ಎದ್ದು ಕುಳಿತರು. ಊರಿಗೆ ಊರೇ ತೆರೆದ ಬಾವಿಯ ಸುತ್ತ ನಿಂತು ತಮ್ಮನ್ನು ನೋಡುತ್ತಿರುವುದನ್ನು ಕಂಡರು. ಹಲಗೆ ನನ್ನ ಕಾಲ ಹತ್ತಿರ ಬಿದ್ದಿತ್ತು. ಏನಾಯಿತೆಂದು ಯಾರೂ ಹೇಳಬೇಕಾಗಿರಲಿಲ್ಲ. ರುಮಾಲು ತೆಗೆದು ಹೊರಸಿನ ಮೇಲಿಟ್ಟು ಎದ್ದರು. ನನ್ನ ಪಕ್ಕ ಹಾದು ಹೋಗುವಾಗ, "ಊರ ಮುಂದ ನನ್ನ ಮಾನ ಕಳದಿ" ಎಂದರು.

"ಮಾನ ಹೋದ್ರ ಹೋಗವಲ್ದ್ಯಾಕ. ನೀವು ಉಳೀಬೇಕು" ಎಂದೆ. 

ಆಮೇಲೆ ಇವರು ನನ್ನ ಜೊತೆ ಮಾತು ಬಿಟ್ಟರು. ಹಾಸಿಗೆಯನ್ನೂ ಗಿರಣಿಗೆ ಒಯ್ದರು. ತಿವಿಯುವವರು ಯಾರೂ ಇಲ್ಲದೆ ಅಲ್ಲಿ ಒಬ್ಬರೇ ಮಲಗುತ್ತಾರಲ್ಲ ಎಂದು ನನಗೆ ಜೀವ ಹಿಡಿಯಾಗಿಹೋಯಿತು. ನಾನೂ ಚಾಪೆ ಸುತ್ತಿಕೊಂಡು ಹೊರಟರೆ ಅತ್ತೆ ತಡೆದರು. "ನೀ ಬ್ಯಾಡ. ನಾ ಹೋಗ್ತೀನಿ" ಎಂದು ಕೋಲು ಹಿಡಿದು ತಾವೇ ಹೋದರು. ಬೆಳಿಗ್ಗೆ ಬಂದಾಗ ಅವರ ಕಣ್ಣು ಕೆಂಡದಂತಾಗಿದ್ದವು. ಕಟ್ಟೆಯ ಮೇಲೆ ಕುಳಿತು ನನ್ನನ್ನು ಹತ್ತಿರ ಕರೆದರು.

"ದಿನಾ ಇದನ್ನ ಮಾಡ್ತಿದ್ದೇನ ನೀ? ತಿವಿಯೂದು, ಎಬ್ಬಸೂದು?"

"ಹೂನ್ರಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ದೆನ್ರಿ ಅತ್ತಿ. ನೀವ ನಕ್ರಿ."

ಅತ್ತೆ ಎದ್ದು ಒಳಗೆ ಹೋಗಿ ಚಹಾ ಮಾಡಿ ಮೊದಲ ಕಪ್ಪು ನನ್ನ ಮುಂದಿಟ್ಟರು. ಆ ಮನೆಗೆ ಬಂದಾಗಿನಿಂದ ಅವರು ನನಗೆ ಚಹಾ ಮಾಡಿಕೊಟ್ಟದ್ದು ಅದೇ ಮೊದಲು. ಕುಡಿದಾದ ಮೇಲೆ ಗಿರಣಿಗೆ ಹೋಗಿ ಇವರನ್ನು ಹೊರಗೆ ಹೊರಡಿಸಿ ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗನನ್ನು ಮುಂದೆ ಮಾಡಿಕೊಂಡು ದವಾಖಾನೆಗೆ ನಡೆದರು. ನನ್ನ ಮಾತಿಗೆ ಒಪ್ಪದವರು ಅವ್ವನ ಕೋಲಿಗೆ ಒಪ್ಪಿದರು. ನಾನು ಹಿಂದೆ ಹಿಂದೆ ಹೋದೆ.

ಪರೀಕ್ಷೆಗೆ ಇವರನ್ನು ದವಾಖಾನೆಯಲ್ಲೇ ಮಲಗಿಸಿದರು. ಎದೆಗೆ ಪಟ್ಟಿ ಕಟ್ಟಿ, ಬೆರಳಿಗೆ ಒಂದು ಕ್ಲಿಪ್ಪು ಹಾಕಿ, ಮೂಗಿಗೆ ಸಣ್ಣ ನಳಿಗೆ ಇಟ್ಟರು. ಮುಂಜಾನೆ ಡಾಕ್ಟರು ಪರದೆಯ ಮೇಲೆ ಗೆರೆಗಳನ್ನು ತೋರಿಸಿದರು. ಏರಿಳಿಯುವ ಗೆರೆ ಉಸಿರು. ನಡುನಡುವೆ ನೆಟ್ಟಗೆ ಮಲಗಿದ ಗೆರೆ ಉಸಿರಿಲ್ಲದ ಹೊತ್ತು. ಅಂಥ ನೆಟ್ಟಗಿನ ಗೆರೆಗಳು ಪರದೆ ಸರಿದಂತೆಲ್ಲ ಬರುತ್ತಲೇ ಇದ್ದವು. "ಇದಕ್ಕ ಸ್ಲೀಪ್ ಆಪ್ನಿಯಾ ಅಂತಾರ. ನಿಮಗ ಜೋರ ಐತಿ. ಆದ್ರ ಇದಕ್ಕ ಉಪಾಯ ಐತಿ" ಎಂದರು ಡಾಕ್ಟರು. ಮಲಗುವಾಗ ಮೂಗಿಗೆ ಹಾಕಿಕೊಳ್ಳುವ ಒಂದು ಮಾಸ್ಕು, ಅದಕ್ಕೆ ಗಾಳಿ ಊದುವ ಸಣ್ಣ ಮಷಿನ್ನು. ಗಾಳಿ ಗಂಟಲಿನ ದಾರಿಯನ್ನು ತೆರೆದಿಡುತ್ತದೆ. ತೂಕವನ್ನೂ ಇಳಿಸಬೇಕು.

ಇವರು ಪರದೆಯನ್ನೇ ನೋಡುತ್ತಿದ್ದರು. "ಹಂಗಾರ ನಾ ಇಷ್ಟು ವರ್ಷ ಮಲಗೇ ಇಲ್ಲೇನ್ರಿ, ಡಾಕ್ಟರ?"

"ಸರಿಯಾಗಿ ಮಲಗಿಲ್ಲ."

"ಮತ್ತ ಆ ಬಾವಿಗೋಳು?"

ಡಾಕ್ಟರು ನನ್ನ ಕಡೆ ನೋಡಿದರು.  ಹೇಳಬೇಕಾದವಳು ನಾನೇ ಎಂದು ಗೊತ್ತಾಯಿತು. ಗಿರಣಿಯಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ, ಕೂಸನ್ನು ಮಲಗಿಸಿ ಸೆಲೆ ಒಡೆಸಿದ್ದನ್ನೂ ಬಿಡಲಿಲ್ಲ. ಇವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಜರಿಯ ರುಮಾಲು ಸುತ್ತಿ ನಡೆಯುತ್ತಿದ್ದ ಗಂಡಸು ದವಾಖಾನೆಯ ಬೆಂಚಿನ ಮೇಲೆ ಸಣ್ಣ ಮಗುವಿನಂತೆ ಅತ್ತರು. ನನಗೆ ಕನಿಕರವಾಯಿತು. ಆದರೂ ಒಳಗೊಳಗೇ ಸಂತೋಷವಾಯಿತು, ಸುಳ್ಳು ಹೇಳುವುದೇಕೆ? ಅಳುವುದಕ್ಕಾದರೂ ಉಸಿರು ಬೇಕಲ್ಲ.

ಮಾಸ್ಕೂ ಇವರ ಹಾಸಿಗೆಯೂ ಮನೆಗೆ ಬಂದ ಮೇಲೆ ನಮ್ಮ ನಿಜವಾದ ಜಗಳ ಶುರುವಾಯಿತು. ಮೊದಮೊದಲು ಇವರು ಅದನ್ನು ಕಿತ್ತು ಬಿಸಾಕುತ್ತಿದ್ದರು. ನಾನು ಹೆಕ್ಕಿ ತಂದು ಮತ್ತೆ ಕಟ್ಟುತ್ತಿದ್ದೆ. ಮೂಗು ಒಣಗುತ್ತದೆ ಅಂದರೆ ಡಾಕ್ಟರ ಹತ್ತಿರ ಹೋಗಿ ಕೇಳಿಕೊಂಡು ಬರುತ್ತಿದ್ದೆ. ಪಟ್ಟಿ ಕೆನ್ನೆಗೆ ಒತ್ತುತ್ತದೆ ಅಂದರೆ ಹಳೆಯ ಸೀರೆಯ ಮೆತ್ತನೆಯ ತುಂಡು ಹೊಲಿದು ಇಟ್ಟೆ. "ಆನಿ ಸೊಂಡಿಲು ಕಟ್ಟಿದಂಗ ಆಗೈತಿ" ಅಂದರೆ, "ಆನಿ ಚಂದ ಇರತೈತಿ ಬಿಡ್ರಿ" ಅಂದೆ. ಗೊರಕೆ ಕೇಳದೆ ಓಣಿಯವರು ಬಂದು, ಅಡಿವೆಪ್ಪ ಊರಲ್ಲಿ ಇಲ್ಲವೇ ಎಂದು ವಿಚಾರಿಸತೊಡಗಿದರು. ಅತ್ತೆ ಬಾಗಿಲಲ್ಲೇ ನಿಂತು, "ಒಳಗ ಅದಾನ. ಮಲಗ್ಯಾನ. ಖರೇ ನಿದ್ದಿ ಹಿಂಗ ಇರತೈತಿ, ಸಪ್ಪಳ ಇರಂಗಿಲ್ಲ" ಎಂದು ದೊಡ್ಡ ವಿದ್ವಾಂಸರಂತೆ ಹೇಳಿ ಕಳಿಸುತ್ತಿದ್ದರು. ನಿಧಾನಕ್ಕೆ ಇವರ ತಲೆನೋವು ಹೋಯಿತು. ಗಿರಣಿಯಲ್ಲಿ ಮತ್ತೆ ಹಾಡು ಗುನುಗತೊಡಗಿದರು. ಜೋಳ ಜೋಳದ ಡಬ್ಬಿಗೇ ಹೋಯಿತು. ಒಂದು ಬೆಳಿಗ್ಗೆ ಬಕೆಟ್ಟು ಇಳಿಸಿದರೆ ರಾಡಿಯಲ್ಲ, ತಿಳಿಯಾದ ನೀರು ಬಂತು.

ಆದರೆ ಬಾವಿ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಅದಕ್ಕಿಂತ ಮೇಲೇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಇವರು ಬಾವಿಯ ಕಟ್ಟೆಗೆ ಕೈಯೂರಿ ಬಗ್ಗಿ ನೋಡಿದರು. ಆಮೇಲೆ ತಿರುಗಿ, ರೊಟ್ಟಿ ಬಡಿಯುತ್ತಿದ್ದ ನನ್ನನ್ನು ನೋಡಿದರು. ಎಷ್ಟೋ ದಿನಗಳ ನಂತರ ನನ್ನ ಮುಖವನ್ನು ಸರಿಯಾಗಿ ನೋಡಿದ ಹಾಗಿತ್ತು.

"ನೀ ಇನ್ನೂ ಮಲಗವಲ್ಲಿ" ಎಂದರು.

ಕೇಳಿದ್ದಲ್ಲ, ಹೇಳಿದ್ದು. ಸುಳ್ಳಾಡಲು ಬಾಯಿ ಬರಲಿಲ್ಲ. ಮಷಿನ್ನು ಸಣ್ಣಗೆ ಸುಂಯ್ ಅನ್ನುತ್ತಿದ್ದರೂ ನಾನು ಅದರ ಹಿಂದೆ ಉಸಿರು ಇದೆಯೋ ಇಲ್ಲವೋ ಎಂದು ಕಿವಿಗೊಟ್ಟು ಮಲಗಿರುತ್ತಿದ್ದೆ. ಇಷ್ಟು ವರ್ಷದ ಕಾವಲು ಒಂದು ಮಾಸ್ಕು ಕಟ್ಟಿದ ಮಾತ್ರಕ್ಕೆ ಹೋಗುವುದಿಲ್ಲ. "ನಿಂತ್ರ ಹೆಂಗ ಅಂತ ಅಂಜಿಕಿರಿ. ಕಣ್ಣ ಹತ್ತಂಗಿಲ್ಲ" ಎಂದೆ.

ಇವರು ನನ್ನ ಕೈಯಿಂದ ಹಿಟ್ಟು ಬಿಡಿಸಿದರು. ರೊಟ್ಟಿಯ ಹಂಚನ್ನು ಅತ್ತೆಗೆ ಒಪ್ಪಿಸಿದರು. ಪಡಸಾಲೆಯಲ್ಲಿ ಹಾಸಿಗೆ ಹಾಸಿ, ಅದರ ಪಕ್ಕ ಗೋಡೆಗೆ ಒರಗಿ ತಾವು ಕುಳಿತರು. "ಈಗ ಹಗಲ ಐತಿ. ನಾ ಎಚ್ಚರ ಇದ್ದೀನಿ, ಮಾತಾಡ್ತೀನಿ, ಉಸಿರಾಡ್ತೀನಿ. ನೋಡಿಕೋತ ಮಲಗು" ಎಂದರು. ಅಡುಗೆ ಮನೆಯಿಂದ ಅತ್ತೆ, "ನಾನೂ ಎಚ್ಚರ ಅದೀನಿ" ಎಂದು ಕೂಗಿದರು. ನಾನು ಮಲಗಿದೆ. ಇವರು ಗಿರಣಿಯ ಸುದ್ದಿ ಹೇಳುತ್ತಿದ್ದರು, ಯಾರದೋ ಗೋದಿ, ಯಾರದೋ ಮಗಳ ಮದುವೆ. ಮಾತಿನ ನಡುವೆ ಉಸಿರು ಬಂದು ಹೋಗುವುದು ಕೇಳಿಸುತ್ತಿತ್ತು. ಅಷ್ಟೇ ನನಗೆ ನೆನಪಿರುವುದು.

ಎಚ್ಚರವಾದಾಗ ಹೊರಗೆ ಗದ್ದಲವೋ ಗದ್ದಲ. ಕೊಡಗಳ ಸಪ್ಪಳ, ಮಕ್ಕಳ ಕೇಕೆ, ನೀರು ಹರಿಯುವ ಸದ್ದು. ಎಷ್ಟು ಹೊತ್ತು ಮಲಗಿದ್ದೆನೋ, ಅದು ಅದೇ ದಿನವೋ ಮರುದಿನವೋ ತಿಳಿಯಲಿಲ್ಲ. ನಮ್ಮ ಬಾವಿ ಕಟ್ಟೆ ಮೀರಿ ಉಕ್ಕಿ, ಹಿತ್ತಲು ತುಂಬಿ, ಸಂದಿಯಲ್ಲಿ ಹಾದು ಓಣಿಗೆ ಇಳಿದಿತ್ತಂತೆ. ಹೆಗ್ಗೇರಿ ಮಾಸ್ತರ ದನಿ ಎಲ್ಲರಿಗಿಂತ ಮೇಲಿತ್ತು. "ಅಡಿವೆಪ್ಪನವರ, ಹಾಸ್ಟೆಲಿನ ತನಕಾ ನೀರು ಬಂದೈತ್ರಿ! ಏನ್ ನಿದ್ದಿರಿ ನಿಮ್ಮದು! ನಮ್ಮ ಬಾವಿಗೆ ಮತ್ತ ನೀವ ಬರಬೇಕು."

"ಇದು ನಂದಲ್ರಿ, ಮಾಸ್ತರ" ಎಂಬ ಇವರ ದನಿ ತಲೆಬಾಗಿಲಿನಿಂದ ಕೇಳಿತು. "ನಮ್ಮಾಕಿದು. ಇಷ್ಟು ವರ್ಷ ನನ್ನ ಸಲುವಾಗಿ ಮಲಗಿದ್ದಿಲ್ಲ. ಗದ್ದಲ ಮಾಡಬ್ಯಾಡ್ರಿ, ಕೈ ಮುಗೀತೀನಿ. ಇನ್ನೂ ಮಲಗ್ಯಾಳ."

ಹೊರಗಿನ ಗದ್ದಲ ಒಮ್ಮೆಲೇ ತಗ್ಗಿತು. ಕೊಡಗಳನ್ನು ಕೂಡ ಸಪ್ಪಳವಾಗದಂತೆ ನೆಲಕ್ಕಿಡತೊಡಗಿದರು. ನನಗೆ ಪೂರ್ತಿ ಎಚ್ಚರವಾಗಿತ್ತು. ಎದ್ದು ಹೊರಗೆ ಹೋಗಬಹುದಿತ್ತು. ನಾನು ಮಗ್ಗುಲು ಬದಲಿಸಿ, ಹೊದಿಕೆಯನ್ನು ಕಿವಿಯ ತನಕ ಎಳೆದುಕೊಂಡು, ಮತ್ತೆ ಕಣ್ಣು ಮುಚ್ಚಿದೆ.